ಪರಾಂಚಿ ಮೇಲಿನ ಜೀವ: ಗುಳೆ ಹೋದವರ ಪರಿಹಾರದ ಕಾನೂನು ನಡೆದು ಬಂದ ದಾರಿ

ಮುಂಬಯಿ ಕನ್ನಡಿಗರ ಚರಿತ್ರೆ ಅಂದ ಕೂಡಲೇ ನಮ್ಮ ನೆನಪಿಗೆ ಬರುವುದು ಉಡುಪಿ ಹೋಟೆಲು, ರಾತ್ರಿಶಾಲೆ, 1926ರ ಮೈಸೂರು ಅಸೋಸಿಯೇಶನ್, 1933ರ ಕರ್ನಾಟಕ ಸಂಘ, ಬ್ಯಾಂಕು ಕಚೇರಿಗಳ ನೌಕರರು, ಯಕ್ಷಗಾನದ ಮೇಳಗಳು. ಇವೆಲ್ಲ ಬರಬೇಕಾದದ್ದೇ. ಆದರೆ ವಿಜಯಪುರ, ಕಲಬುರಗಿ, ಯಾದಗಿರಿ, ರಾಯಚೂರು ಕಡೆಯಿಂದ ಗುಳೆ ಬಂದು ಈ ಊರಿನ ಕಟ್ಟಡಗಳಿಗೆ ಇಟ್ಟಿಗೆ ಹೊತ್ತವರು ಆ ಚರಿತ್ರೆಯಲ್ಲಿ ಒಂದೆರಡು ಸಾಲಿಗೆ ಮುಗಿದುಹೋಗುತ್ತಾರೆ. ಅವರಿಗೆ ಸಂಘದ ಸದಸ್ಯತ್ವವಿಲ್ಲ, ಅವರ ಹೆಸರಿನ ಸ್ಮರಣ ಸಂಚಿಕೆಯಿಲ್ಲ. ಅವರ ಕನ್ನಡ ಕೇಳಬೇಕಾದರೆ ಬೆಳಿಗ್ಗೆ ಏಳು ಗಂಟೆಗೆ ಯಾವುದಾದರೂ ಕೂಲಿ ನಾಕಾದಲ್ಲಿ ನಿಲ್ಲಬೇಕು. ಗೌಂಡಿ, ಬಿಗಾರಿ, ಸೆಂಟ್ರಿಂಗಿನವರು, ಬಣ್ಣದವರು ಬುತ್ತಿ ಹಿಡಿದು ಮುಕಾದಮನ ದಾರಿ ಕಾಯುತ್ತಿರುತ್ತಾರೆ. ಪುಣೆ, ಹೈದರಾಬಾದು, ಗೋವೆಯಲ್ಲೂ ಇದೇ ನೋಟ.

ಈ ಜನರ ಚರಿತ್ರೆಯನ್ನು ಹುಡುಕುವುದಕ್ಕೆ ಒಂದು ದಾರಿ ಇದೆ. ಅದು ಬಿದ್ದವರ, ಸತ್ತವರ ಪರಿಹಾರದ ಕಾನೂನು. ಪರಾಂಚಿ ಕಟ್ಟಿದ ಬಿದಿರು ಜಾರಿತು, ಲಿಫ್ಟಿನ ಗುಂಡಿಗೆ ಕಾಲು ತಪ್ಪಿತು, ಪಾಯ ತೋಡುವಾಗ ಮಣ್ಣು ಕುಸಿಯಿತು. ಆಮೇಲೆ ಯಾರು ಕೊಡಬೇಕು, ಎಷ್ಟು, ಯಾರ ಕೈಗೆ, ಯಾವ ಊರಲ್ಲಿ? ಈ ನಾಲ್ಕು ಪ್ರಶ್ನೆಗಳಿಗೆ ಕಾನೂನು ಉತ್ತರ ಕೊಡಲು ನೂರು ವರ್ಷ ಹಿಡಿಯಿತು.

ಕಥೆ ಇಂಗ್ಲೆಂಡಿನಿಂದ ಆರಂಭವಾಗುತ್ತದೆ. 1837ರಲ್ಲಿ ಅಲ್ಲಿನ ನ್ಯಾಯಾಲಯ ಪ್ರೀಸ್ಟ್ಲಿ ವಿರುದ್ಧ ಫೌಲರ್ ಎಂಬ ಮೊಕದ್ದಮೆಯಲ್ಲಿ ಕೊಟ್ಟ ತೀರ್ಪಿನಿಂದ ಒಂದು ವಿಚಿತ್ರ ನ್ಯಾಯ ಬೆಳೆಯಿತು. ಜೊತೆ ಕೆಲಸಗಾರನ ತಪ್ಪಿನಿಂದ ಪೆಟ್ಟಾದರೆ ಧಣಿ ಹೊಣೆಯಲ್ಲ, ಅಪಾಯ ಇದೆ ಅಂತ ಗೊತ್ತಿದ್ದೇ ಕೆಲಸಕ್ಕೆ ಬಂದವನು ಅದನ್ನು ಒಪ್ಪಿಕೊಂಡ ಹಾಗೆ, ಎಂಬುದು ಅದರ ತಿರುಳು. ನಮ್ಮಲ್ಲಿ 1855ರಲ್ಲಿ ಮಾರಕ ಅಪಘಾತಗಳ ಕಾಯ್ದೆ ಬಂತು. ಸತ್ತವನ ಮನೆಯವರು ದಾವೆ ಹೂಡಬಹುದಿತ್ತು, ಆದರೆ ಧಣಿಯ ತಪ್ಪನ್ನು ಅವರೇ ರುಜುವಾತು ಮಾಡಬೇಕಿತ್ತು. ಕೂಲಿಯವನ ಹೆಂಡತಿ ವಕೀಲನನ್ನು ಹಿಡಿದು ಮಿಲ್ ಮಾಲೀಕನ ಮೇಲೆ ಕೇಸು ಹಾಕುವುದು ಆ ಕಾಲಕ್ಕೆ ಆಗುವ ಮಾತಾಗಿರಲಿಲ್ಲ.

ಜರ್ಮನಿಯಲ್ಲಿ ಬಿಸ್ಮಾರ್ಕನ ಸರಕಾರ 1884ರಲ್ಲಿ ಅಪಘಾತ ವಿಮೆಯ ಕಾನೂನು ತಂದಿತು. ಇಂಗ್ಲೆಂಡು 1897ರಲ್ಲಿ ತನ್ನದೇ ಪರಿಹಾರ ಕಾಯ್ದೆ ಮಾಡಿತು. ತಪ್ಪು ಯಾರದು ಅಂತ ಕೇಳುವುದನ್ನು ಬಿಟ್ಟು, ಕೆಲಸದ ನಡುವೆ ಕೆಲಸದ ಕಾರಣದಿಂದ ಪೆಟ್ಟಾಯಿತೇ ಎಂದಷ್ಟೇ ಕೇಳುವ ಪದ್ಧತಿ ಇದು. 1923ರ ಮಾರ್ಚಿಯಲ್ಲಿ ನಮ್ಮ ದೇಶದ ಕಾರ್ಮಿಕ ಪರಿಹಾರ ಕಾಯ್ದೆ ಇದೇ ತತ್ತ್ವದ ಮೇಲೆ ಪಾಸಾಗಿ, 1924ರ ಜುಲೈ 1ರಿಂದ ಜಾರಿಗೆ ಬಂತು.

ಆಗಿನ ಮೊತ್ತ ಎಷ್ಟು? ವಯಸ್ಕ ಸತ್ತರೆ ಮೂವತ್ತು ತಿಂಗಳ ಸಂಬಳ ಅಥವಾ 2,500 ರೂಪಾಯಿ, ಯಾವುದು ಕಡಿಮೆಯೋ ಅದು. ಪೂರ್ತಿ ಅಂಗವಿಕಲನಾದರೆ 42 ತಿಂಗಳ ಸಂಬಳ ಅಥವಾ 3,500, ಅದರಲ್ಲೂ ಕಡಿಮೆಯದ್ದೇ. ಬಾಲ ಕಾರ್ಮಿಕ ಸತ್ತರೆ 200 ರೂಪಾಯಿ. ತಿಂಗಳಿಗೆ ಇಪ್ಪತ್ತು ರೂಪಾಯಿ ದುಡಿಯುತ್ತಿದ್ದವನ ಹೆಂಡತಿಗೆ 600 ಸಿಗುತ್ತಿತ್ತು ಅಂತ ಲೆಕ್ಕ. ಕಟ್ಟಡದ ಕೆಲಸ ಆರಂಭದಿಂದಲೂ ಕಾಯ್ದೆಯೊಳಗೆ ಇತ್ತು, ಆದರೆ ಕಟ್ಟಡ ಒಂದಕ್ಕಿಂತ ಹೆಚ್ಚು ಅಂತಸ್ತಿನದಾಗಿರಬೇಕು ಅಥವಾ ಇಷ್ಟು ಅಡಿ ಎತ್ತರದ್ದಾಗಿರಬೇಕು ಎಂಬ ಷರತ್ತುಗಳೊಂದಿಗೆ.

ಮೊತ್ತ ಸಣ್ಣದಾದರೂ ಆ ಕಾಯ್ದೆಯಲ್ಲಿ ಮೂರು ಕಲಮುಗಳು ಬಹಳ ದೂರದೃಷ್ಟಿಯವು. ನಮ್ಮ ಗುಳೆ ಜನರಿಗೆ ಇಂದಿಗೂ ಬೇಕಾದ ತತ್ತ್ವಗಳು ಅವೇ.

ಒಂದು, ಹನ್ನೆರಡನೆಯ ಕಲಮು. ಕಟ್ಟಡದ ಮಾಲೀಕ ದೊಡ್ಡ ಕಂತ್ರಾಟುದಾರನಿಗೆ ಕೆಲಸ ಕೊಡುತ್ತಾನೆ, ಅವನು ಸಣ್ಣವನಿಗೆ, ಸಣ್ಣವನು ಮುಕಾದಮನಿಗೆ. ಕೂಲಿಯವನಿಗೆ ಗೊತ್ತಿರುವುದು ಮುಕಾದಮನ ಹೆಸರು ಮಾತ್ರ, ಅದೂ ಅರ್ಧ. ಅಪಘಾತವಾದ ಮರುದಿನ ಮುಕಾದಮ ಊರು ಬಿಟ್ಟಿರುತ್ತಾನೆ. ಈ ಕಲಮು ಹೇಳಿದ್ದು ಇಷ್ಟು: ತನ್ನ ವ್ಯಾಪಾರ ವ್ಯವಹಾರದ ಭಾಗವಾದ ಕೆಲಸವನ್ನು ಇನ್ನೊಬ್ಬನ ಕೈಲಿ ಮಾಡಿಸಿದವನೂ ಪರಿಹಾರಕ್ಕೆ ಹೊಣೆ. ಮೊದಲು ಅವನು ಕೊಡಲಿ, ಬೇಕಾದರೆ ಕೆಳಗಿನ ಕಂತ್ರಾಟುದಾರನಿಂದ ವಸೂಲು ಮಾಡಿಕೊಳ್ಳಲಿ. ಹುಡುಕಾಟದ ಹೊರೆ ವಿಧವೆಯ ತಲೆಯಿಂದ ದೊಡ್ಡವರ ತಲೆಗೆ ಹೋಯಿತು.

ಎರಡು, ಎಂಟನೆಯ ಕಲಮು. ಸಾವಿನ ಪರಿಹಾರವನ್ನು ಮನೆಯವರ ಕೈಗೆ ನೇರ ಕೊಡುವಂತಿಲ್ಲ, ಆಯುಕ್ತರ ಬಳಿ ಠೇವಣಿ ಇಡಬೇಕು. ಸೈಟಿನಲ್ಲಿ ಸಾಮಾನ್ಯವಾಗಿ ನಡೆಯುವುದು ಏನು? ಹೆಣ ಊರಿಗೆ ಸಾಗಿಸಲು ಗಾಡಿ ಮಾಡಿಕೊಡುತ್ತಾರೆ, ಒಂದಿಷ್ಟು ನೋಟು ಕೈಗಿಡುತ್ತಾರೆ, ಒಂದು ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತಾರೆ. "ಏನ ಮಾಡೂದ್ರಿ, ಅವನ ಹಣೆಬರಹ" ಅಂತ ಅಣ್ಣತಮ್ಮಂದಿರು ಸುಮ್ಮನಾಗುತ್ತಾರೆ. ಮುಂಗಡ ಒಂದಿಷ್ಟು ಕೊಟ್ಟಿದ್ದನ್ನು ಕಾನೂನು ಲೆಕ್ಕಕ್ಕೆ ತೆಗೆದುಕೊಳ್ಳಬಹುದು, ಆದರೆ ಅಷ್ಟಕ್ಕೆ ಪರಿಹಾರ ಮುಗಿಯುವುದಿಲ್ಲ.

ಮೂರನೆಯದು ಹದಿನೇಳನೆಯ ಕಲಮು. ಪರಿಹಾರದ ಹಕ್ಕು ಬಿಟ್ಟುಕೊಡುವ ಯಾವ ಕರಾರೂ ಊರ್ಜಿತವಲ್ಲ. ಅಂದರೆ ಆ ಹೆಬ್ಬೆಟ್ಟಿನ ಕಾಗದಕ್ಕೆ ಬೆಲೆಯಿಲ್ಲ. 1923ರಲ್ಲೇ ಬರೆದಿಟ್ಟ ಈ ಮಾತು ನಾಕಾಗಳಿಗೆ ತಲುಪಲೇ ಇಲ್ಲ ಅನ್ನುವುದು ಬೇರೆ ವಿಷಯ.

ಇನ್ನು ಮೊತ್ತದ ಬೆಳವಣಿಗೆ. 1984ರ ತಿದ್ದುಪಡಿ ವಯಸ್ಸಿಗೆ ತಕ್ಕ ಗುಣಕ ತಂದಿತು. ಹದಿನಾರರ ಹುಡುಗನಿಗೆ 228.54, ಮೂವತ್ತರವನಿಗೆ 207.98, ಅರುವತ್ತರವನಿಗೆ 117.41. ಮುಂದೆ ದುಡಿಯಬಹುದಾಗಿದ್ದ ವರ್ಷಗಳ ಲೆಕ್ಕ ಇದರೊಳಗಿದೆ. ಸಂಬಳದ ಒಂದು ಪಾಲನ್ನು ಈ ಗುಣಕದಿಂದ ಗುಣಿಸಬೇಕು. ಸಾವಿಗೆ 1984ರಲ್ಲಿ ಶೇಕಡಾ 40, 1995ರಿಂದ ಶೇಕಡಾ 50. ಆದರೆ ಸಂಬಳ ಎಷ್ಟೇ ಇರಲಿ, ಲೆಕ್ಕಕ್ಕೆ ಒಂದು ಮಿತಿ ಹಾಕಿದ್ದರು: ಮೊದಲು 1,000, 1995ರಲ್ಲಿ 2,000, 2000ದಲ್ಲಿ 4,000, 2010ರಲ್ಲಿ 8,000, 2020ರ ಜನವರಿಯಲ್ಲಿ 15,000. ಆ ಮಿತಿ ಮುಟ್ಟಿದ ಮೂವತ್ತು ವರ್ಷದ ಗೌಂಡಿಯ ಮನೆಗೆ 1984ರ ಲೆಕ್ಕದಲ್ಲಿ 83,192 ರೂಪಾಯಿ, 1995ರದ್ದರಲ್ಲಿ 2,07,980, 2000ದ್ದರಲ್ಲಿ 4,15,960, 2010ರದ್ದರಲ್ಲಿ 8,31,920, 2020ರದ್ದರಲ್ಲಿ 15,59,850. ತಿಂಗಳೊಳಗೆ ಕೊಡದಿದ್ದರೆ ಶೇಕಡಾ 12ರ ಬಡ್ಡಿ, ಸಕಾರಣವಿಲ್ಲದ ತಡಕ್ಕೆ ಮೊತ್ತದ ಅರ್ಧದವರೆಗೆ ದಂಡ.

ಇಷ್ಟು ದುಡ್ಡು ಸಣ್ಣ ಕಂತ್ರಾಟುದಾರ ಎಲ್ಲಿಂದ ತರಬೇಕು? ಅಲ್ಲಿ ಬರುತ್ತದೆ ವಿಮೆ. ಒಂದು ವಿಷಯವನ್ನು ಇಲ್ಲಿ ಸ್ಪಷ್ಟ ಮಾಡಬೇಕು. 1923ರ ಕಾಯ್ದೆ ಕಂತ್ರಾಟುದಾರ ವಿಮೆ ಮಾಡಿಸಲೇಬೇಕು ಅಂತ ಹೇಳಿರಲಿಲ್ಲ. ಹೊಣೆ ಧಣಿಯದು, ವಿಮೆ ಅವನ ಇಷ್ಟ. ಸರಕಾರಿ ಟೆಂಡರುಗಳ, ದೊಡ್ಡ ಬಿಲ್ಡರುಗಳ ಕರಾರಿನ ಷರತ್ತಿನಿಂದಾಗಿ 'ಡಬ್ಲ್ಯೂ.ಸಿ. ಪಾಲಿಸಿ' ಎಂಬ ಮಾತು ಸೈಟುಗಳಲ್ಲಿ ರೂಢಿಗೆ ಬಂತು.

ಆ ಪಾಲಿಸಿಯ ಲೆಕ್ಕ ಸರಳ. ಎಷ್ಟು ಜನ, ಯಾವ ಕೆಲಸ, ಒಟ್ಟು ಕೂಲಿ ಎಷ್ಟು ಅಂತ ಕಂತ್ರಾಟುದಾರ ಬರೆದುಕೊಡುತ್ತಾನೆ. ಅಪಾಯ ಹೆಚ್ಚಿದ್ದಷ್ಟೂ ದರ ಹೆಚ್ಚು. ಒಟ್ಟು ಕೂಲಿಯ ಮೇಲೆ ಪ್ರೀಮಿಯಂ. ತೊಂದರೆ ಹುಟ್ಟುವುದೂ ಅಲ್ಲಿಂದಲೇ. ನಲವತ್ತು ಜನ ಇದ್ದ ಕಡೆ ಹತ್ತು ಜನ ಅಂತ ಬರೆಸಿ ಪ್ರೀಮಿಯಂ ಉಳಿಸುವವರಿದ್ದಾರೆ. ಕೆಳಗಿನ ಕಂತ್ರಾಟುದಾರನ ಆಳುಗಳನ್ನು ಪಾಲಿಸಿಯಲ್ಲಿ ಸೇರಿಸದೆ ಬಿಡುವವರಿದ್ದಾರೆ. ಅಪಘಾತವಾದ ಮೇಲೆ ವಿಮಾ ಕಂಪನಿ ಪಾಲಿಸಿ ಬಿಚ್ಚಿ ನೋಡಿ, ಈ ಮನುಷ್ಯ ನಮ್ಮ ಲೆಕ್ಕದಲ್ಲಿಲ್ಲ ಅಂದರೆ? ಆಗಲೂ ಕೂಲಿಯವನ ಹಕ್ಕು ಹೋಗುವುದಿಲ್ಲ, ಧಣಿ ತನ್ನ ಕೈಯಿಂದ ಕೊಡಬೇಕು. ಆದರೆ ವಿಮಾ ಕಂಪನಿಯಿಂದ ಚೆಕ್ಕು ಬರುವುದಕ್ಕೂ ದಿವಾಳಿಯೆದ್ದ ಕಂತ್ರಾಟುದಾರನಿಂದ ವಸೂಲು ಮಾಡುವುದಕ್ಕೂ ಇರುವ ಅಂತರ ಹೇಳಬೇಕಾಗಿಲ್ಲ. 1997ರಲ್ಲಿ ಸುಪ್ರೀಂ ಕೋರ್ಟು, ಬಡ್ಡಿಯನ್ನು ವಿಮಾ ಕಂಪನಿ ಕೊಡಬೇಕು, ದಂಡ ಮಾತ್ರ ಧಣಿಯೇ ಹೊರಬೇಕು ಅಂದಿತು. 2006ರಲ್ಲಿ ಅದೇ ಕೋರ್ಟು, ವಿಮೆ ಕಡ್ಡಾಯವಲ್ಲವಾದ್ದರಿಂದ ಬಡ್ಡಿಯನ್ನು ಪಾಲಿಸಿಯ ಷರತ್ತಿನಲ್ಲೇ ಹೊರಗಿಡಬಹುದು ಅಂದಿತು. ಹೀಗಾಗಿ ಪಾಲಿಸಿಯ ಸಣ್ಣಕ್ಷರಗಳನ್ನು ಓದುವುದು ಅನಿವಾರ್ಯ.

ಈಗ ಪರಸ್ಥಳದ ವಿಷಯಕ್ಕೆ ಬರೋಣ. ಊರು ಬಿಟ್ಟು ಬಂದವರ ಕಷ್ಟವನ್ನು ಕಾನೂನು ಬೇರೆಯಾಗಿ ಗುರುತಿಸಿದ್ದು 1979ರಲ್ಲಿ, ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆ ಬಂದಾಗ. ಐದು ಅಥವಾ ಹೆಚ್ಚು ಜನರನ್ನು ಬೇರೆ ರಾಜ್ಯಕ್ಕೆ ಕರೆದೊಯ್ಯುವ ಕಂತ್ರಾಟುದಾರ ಲೈಸೆನ್ಸು ಪಡೆಯಬೇಕು ಎಂದಿತು ಅದು. ಸಾವು ಅಥವಾ ತೀವ್ರ ಪೆಟ್ಟಾದರೆ ಎರಡೂ ರಾಜ್ಯಗಳ ಅಧಿಕಾರಿಗಳಿಗೆ, ಮನೆಯವರಿಗೆ ಸುದ್ದಿ ಮುಟ್ಟಿಸಬೇಕು ಎಂದೂ ಬರೆಯಿತು. ದಿಲ್ಲಿಯಲ್ಲಿ 1982ರ ಏಷ್ಯಾಡ್ ಕ್ರೀಡಾಂಗಣಗಳ ಕೆಲಸ ನಡೆದಾಗ ಈ ಕಾಯ್ದೆಯ ಗತಿ ಏನಾಗಿದೆ ಅನ್ನುವುದು ಬಯಲಾಯಿತು. ದಿನಕ್ಕೆ 9 ರೂಪಾಯಿ 25 ಪೈಸೆಯ ಕನಿಷ್ಠ ಕೂಲಿಯಲ್ಲಿ ಒಂದು ರೂಪಾಯಿಯನ್ನು ಜಮಾದಾರರು ಮುರಿದುಕೊಳ್ಳುತ್ತಿದ್ದರು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು, ಕಂತ್ರಾಟುದಾರನ ಮೇಲೆ ಹಾಕಿ ಸರಕಾರ ಕೈತೊಳೆದುಕೊಳ್ಳುವಂತಿಲ್ಲ, ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿಸುವುದು ಬಲವಂತದ ದುಡಿಮೆ ಅಂತ ತೀರ್ಪು ಕೊಟ್ಟಿತು.

ನನ್ನ ಮಟ್ಟಿಗೆ ಗುಳೆ ಜನರಿಗೆ ಅತಿ ದೊಡ್ಡ ಉಪಕಾರ ಮಾಡಿದ್ದು ಯಾರೂ ಹೆಚ್ಚು ಮಾತಾಡದ 1995ರ ಒಂದು ತಿದ್ದುಪಡಿ. ಅಲ್ಲಿಯವರೆಗೆ ಅಪಘಾತವಾದ ಜಾಗದ ಆಯುಕ್ತರ ಮುಂದೆಯೇ ಅರ್ಜಿ ಹಾಕಬೇಕಿತ್ತು. ಯಾದಗಿರಿಯ ತಾಂಡಾದ ಹೆಣ್ಣುಮಗಳು ಠಾಣೆಯ ಕಚೇರಿಗೆ ಪ್ರತಿ ತಾರೀಖಿಗೆ ಬರುವುದು ಸಾಧ್ಯವೇ? ರೈಲು ಖರ್ಚು, ಕೂಲಿ ನಷ್ಟ, ತಿಳಿಯದ ಭಾಷೆ. ಎರಡು ಸಲ ಬಂದು ಮೂರನೆಯ ಸಲ ನಿಲ್ಲಿಸಿಬಿಡುತ್ತಿದ್ದರು. 1995ರ ಸೆಪ್ಟೆಂಬರಿನಿಂದ 21ನೆಯ ಕಲಮು ಬದಲಾಯಿತು. ಅರ್ಜಿದಾರರು ತಾವು ವಾಸವಾಗಿರುವ ಊರಿನ ಆಯುಕ್ತರ ಬಳಿಯೂ ಅರ್ಜಿ ಹಾಕಬಹುದು, ಆ ಆಯುಕ್ತರು ಅಪಘಾತವಾದ ಕಡೆಯ ಆಯುಕ್ತರಿಗೆ ನೋಟೀಸು ಕೊಟ್ಟು ವಿಚಾರಣೆ ನಡೆಸಬಹುದು. ಮುಂಬಯಿಯಲ್ಲಿ ಬಿದ್ದವನ ಕೇಸು ತನ್ನ ಜಿಲ್ಲೆಯಲ್ಲೇ, ಕನ್ನಡದಲ್ಲೇ ಹೇಳಿಕೊಳ್ಳುವ ದಾರಿ ಅಂದಿನಿಂದ ತೆರೆಯಿತು. 2007ರಲ್ಲಿ ಸುಪ್ರೀಂ ಕೋರ್ಟು ಕೂಡ ಹಕ್ಕುದಾರರಿಗೆ ಅನುಕೂಲವಾಗಲಿ ಎಂದೇ ಈ ತಿದ್ದುಪಡಿ ಬಂದಿದೆ ಎಂದು ಎತ್ತಿಹಿಡಿಯಿತು. 2000ದಲ್ಲಿ ಇನ್ನೊಂದು ತೊಡಕು ಹೋಯಿತು. 'ಹಂಗಾಮಿ ಆಳು' ಎಂದು ತೋರಿಸಿ ಕೆಲವರನ್ನು ಹೊರಗಿಡಲು ಇದ್ದ ಮಾತನ್ನು ಕಾಯ್ದೆಯ ವ್ಯಾಖ್ಯೆಯಿಂದ ತೆಗೆದುಹಾಕಿದರು.

1996ರಲ್ಲಿ ಕಟ್ಟಡ ಕಾರ್ಮಿಕರಿಗೆಂದೇ ಪ್ರತ್ಯೇಕ ಕಾಯ್ದೆ, ಅದರ ಜೊತೆಗೆ ಕಟ್ಟಡದ ವೆಚ್ಚದ ಮೇಲೆ ಶೇಕಡಾ ಒಂದರ ಸೆಸ್ಸು ಬಂದವು. ವರ್ಷದಲ್ಲಿ 90 ದಿನ ಈ ಕೆಲಸ ಮಾಡಿದ, 18ರಿಂದ 60ರೊಳಗಿನವರು ಮಂಡಳಿಯಲ್ಲಿ ಹೆಸರು ಬರೆಸಬಹುದು. ಕರ್ನಾಟಕದಲ್ಲಿ ಮಂಡಳಿ ರಚನೆಯಾಗಿದ್ದು 2007ರಲ್ಲಿ. ಆದರೆ ಮಂಡಳಿಗಳು ರಾಜ್ಯ ರಾಜ್ಯಕ್ಕೆ ಬೇರೆ, ನಮ್ಮವರು ಕಾಲಕಾಲಕ್ಕೆ ರಾಜ್ಯ ಬದಲಿಸುವವರು. ಸೆಸ್ಸು ಜಮೆಯಾಗುವುದು ಕಟ್ಟಡ ಎದ್ದ ರಾಜ್ಯದಲ್ಲಿ, ಕಾರ್ಡು ಇದ್ದರೆ ಅದು ಊರಿನಲ್ಲಿ.

2009ರ ತಿದ್ದುಪಡಿ 'ವರ್ಕ್‌ಮನ್' ಎಂಬ ಪದ ತೆಗೆದು 'ಎಂಪ್ಲಾಯೀ' ಎಂದು ಮಾಡಿತು. ತಲೆಯ ಮೇಲೆ ಸಿಮೆಂಟಿನ ಬಾಣಲಿ ಹೊತ್ತು ಏಣಿ ಹತ್ತುವ ಹೆಂಗಸರೂ ಹೆಸರಿನೊಳಗೆ ಬಂದರು ಅನ್ನಬಹುದು. ಕೊನೆಗೆ 2025ರ ನವೆಂಬರ್ 21ರಂದು ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದು 1923ರ ಕಾಯ್ದೆ, 1979ರದ್ದು, 1996ರದ್ದು ಎಲ್ಲ ಅವುಗಳೊಳಗೆ ಸೇರಿಹೋದವು. ಪರಿಹಾರದ ಅಧ್ಯಾಯ ಈಗ 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿದೆ. ಮನೆಯಿಂದ ಕೆಲಸಕ್ಕೆ ಹೋಗಿಬರುವ ದಾರಿಯ ಅಪಘಾತವನ್ನೂ ಅದು ಷರತ್ತುಗಳೊಂದಿಗೆ ಸೇರಿಸಿಕೊಂಡಿದೆ. ಆದರೆ ವಲಸೆ ಕಾರ್ಮಿಕರ ನಿಯಮ ಅನ್ವಯಿಸಲು ಇದ್ದ ಐದು ಜನರ ಸಂಖ್ಯೆ ಹತ್ತಕ್ಕೇರಿದೆ. ನಾಲ್ಕೆಂಟು ಜನರ ಗುಂಪಾಗಿ ಬರುವ ನಮ್ಮವರಿಗೆ ಇದು ಸಣ್ಣ ಸಂಗತಿಯಲ್ಲ.

ಕಾನೂನು ಇಷ್ಟು ದೂರ ಬಂದರೂ ಕೇಸುಗಳು ಬೀಳುವುದು ಸಣ್ಣ ಸಣ್ಣ ಕಾಗದಗಳ ಕಡೆಯಿಂದ. ಊರಿನ ರೇಷನ್ ಕಾರ್ಡಿನಲ್ಲಿ ಮಲ್ಲಪ್ಪ, ಮುಕಾದಮನ ಹಾಜರಿ ಪುಸ್ತಕದಲ್ಲಿ ಮಲ್ಯಾ, ಪೊಲೀಸು ಪಂಚನಾಮೆಯಲ್ಲಿ ಮತ್ತೊಂದು. ಪಂಚನಾಮೆ ಮರಾಠಿಯಲ್ಲಿ, ಶವಪರೀಕ್ಷೆಯ ವರದಿ ಇಂಗ್ಲಿಷಿನಲ್ಲಿ, ಓದಬೇಕಾದವಳಿಗೆ ಗೊತ್ತಿರುವುದು ಕನ್ನಡ ಮಾತ್ರ. ಅವನೂ ಇವನೂ ಒಬ್ಬನೇ, ಅವನು ಇದೇ ಸೈಟಿನಲ್ಲಿ ಇದೇ ಕೂಲಿಗೆ ಇದ್ದ ಅಂತ ತೋರಿಸುವುದೇ ದೊಡ್ಡ ಕೆಲಸವಾಗುತ್ತದೆ. ಅರ್ಜಿಗೆ ಎರಡು ವರ್ಷದ ಅವಧಿಯಿದ್ದರೂ ದುಃಖ, ಸಾಲ, ಮಳೆಗಾಲದ ಬಿತ್ತನೆಯ ನಡುವೆ ಅದು ಬೇಗ ಕಳೆಯುತ್ತದೆ.

ಇಲ್ಲಿ ನೆಲೆನಿಂತ ನಮಗೆ ಮರಾಠಿ ಬರುತ್ತದೆ, ಇಂಗ್ಲಿಷ್ ಬರುತ್ತದೆ, ಕಚೇರಿಯ ಮೆಟ್ಟಿಲು ಗೊತ್ತು. ವರ್ಷಕ್ಕೊಂದು ರಾಜ್ಯೋತ್ಸವ ಮಾಡುವ ಸಂಘಗಳು ವಾರಕ್ಕೊಂದು ಸಂಜೆ ಒಂದು ಮೇಜು ಹಾಕಿ ಕೂತರೆ ಸಾಕು. ಪಂಚನಾಮೆಯನ್ನು ಕನ್ನಡಕ್ಕೆ ಮಾಡಿಕೊಡುವುದು, ಕಟ್ಟಡದ ಮಾಲೀಕನ ಹೆಸರು ವಿಳಾಸ ಬರೆದುಕೊಡುವುದು, ಹೆಬ್ಬೆಟ್ಟು ಒತ್ತುವ ಮುಂಚೆ ಕಾಗದ ಓದಿ ಹೇಳುವುದು, ಅರ್ಜಿ ನಿಮ್ಮ ಜಿಲ್ಲೆಯಲ್ಲೇ ಹಾಕಬಹುದು ತಾಯಿ ಅಂತ ತಿಳಿಸುವುದು. ಹಿಂದೆ ಹೋಟೆಲಿನ ಹುಡುಗರಿಗೆ ರಾತ್ರಿಶಾಲೆ ತೆರೆದವರು ಇದೇ ಊರಿನ ಕನ್ನಡಿಗರು. ನಾಕಾದಲ್ಲಿ ನಿಂತವರಿಗೆ ಅಂಥ ಒಂದು ಮೇಜು ಇನ್ನೂ ಬರಬೇಕಾಗಿದೆ.