ದೇವರಾಜ ಮಾರುಕಟ್ಟೆಯೂ ಲ್ಯಾನ್ಸ್‌ಡೌನ್ ಕಟ್ಟಡವೂ

ಹೆದ್ದಾರಿಗುಂಟ ಮೈಸೂರು ಸೇರಿದ ಪ್ರವಾಸಿಗನು, ಅರಮನೆಯನ್ನು ಕಂಡು ತಣಿದು, ಅಲ್ಲಿಂದ ಕೂಗಳತೆಯಲ್ಲಿರುವ ಚಿಕ್ಕ ಗಡಿಯಾರದ ಸುತ್ತಣ ಪೇಟೆಯನ್ನು ಹೊಗದೆಯೇ ಹಿಂದಿರುಗಿದನಾದರೆ, ಅವನು ದೊರೆಯ ಮನೆಯನ್ನು ಕಂಡನೇ ಹೊರತು ಊರನ್ನು ಕಂಡನೆನ್ನಲಾಗದು.

೧೮೮೧ರಲ್ಲಿ ರಾಜ್ಯಾಧಿಕಾರವು ಒಡೆಯರ ವಂಶಕ್ಕೆ ಮರಳಿದ ತರುವಾಯ, ಹತ್ತನೆಯ ಚಾಮರಾಜ ಒಡೆಯರ ಆಳ್ವಿಕೆಯಲ್ಲಿ ಈ ಪೇಟೆಯು ಇಂದಿನ ರೂಪವನ್ನು ತಳೆಯತೊಡಗಿತು. ದಿವಾನ್ ಪೂರ್ಣಯ್ಯನವರ ಕಾಲದಲ್ಲಿ ಕಾವೇರಿಯ ನೀರನ್ನು ತರಲೆಂದು ತೋಡಿಸಿ ಫಲಿಸದೆ ಉಳಿದ ನಾಲೆಯನ್ನು ಮುಚ್ಚಿದ ನೆಲದಲ್ಲಿ ದೇವರಾಜ ಮಾರುಕಟ್ಟೆಯು ಎದ್ದಿತು; ವೈಸರಾಯ್ ಲ್ಯಾನ್ಸ್‌ಡೌನ್ ಪ್ರಭುವು ಬಂದುಹೋದ ನೆನಪಿಗಾಗಿ, ೧೮೯೨ರ ಲ್ಯಾನ್ಸ್‌ಡೌನ್ ಕಟ್ಟಡವು ಸಮೀಪದಲ್ಲಿಯೇ ನಿಂತಿತು. ಒಂದರಲ್ಲಿ ಮಲ್ಲಿಗೆ, ವೀಳ್ಯದೆಲೆ, ರಸಬಾಳೆ, ಗೋಪುರದಂತೆ ಸುರಿದ ಕುಂಕುಮ. ಮತ್ತೊಂದರ ಕಮಾನುಗಳ ಅಡಿಯಲ್ಲಿ ಹಿಂದೆ ಪುಸ್ತಕದಂಗಡಿಗಳಿದ್ದವು.

ಇಟ್ಟಿಗೆ, ಸುಣ್ಣದ ಗಾರೆ, ಮರದ ತೊಲೆಗಳ ಮೇಲಣ ಮದರಾಸು ತಾರಸಿ, ಇವುಗಳಿಂದಾದ ಅಂದಿನ ಕಟ್ಟಡವು ದೀರ್ಘಾಯುವೇ ಆದರೂ ಉಪೇಕ್ಷೆಯನ್ನು ಸಹಿಸದು. ಸುಣ್ಣದ ಗೋಡೆಯು ತಾನು ಹೀರಿದ ತೇವವನ್ನು ಮರಳಿ ಗಾಳಿಗೆ ಬಿಡುತ್ತದೆ. ಅದರ ಮೇಲೆ ಸಿಮೆಂಟನ್ನು ಮೆತ್ತಿದರೆ ತೇವವು ಒಳಗೇ ಉಳಿದು ಗೋಡೆಯನ್ನು ಕೊರೆಯುತ್ತದೆ, ಸೋರುವ ತಾರಸಿಯ ನೀರಾದರೋ ತೊಲೆಯ ತುದಿಯನ್ನು ಕಣ್ಣಿಗೆ ಕಾಣದಂತೆ ಕೊಳೆಯಿಸುತ್ತದೆ.

೨೦೧೨ರ ಆಗಸ್ಟ್‌ನಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗವು ಕುಸಿದು ನಾಲ್ವರು ಅಸುನೀಗಿದರು. ೨೦೧೬ರ ಆಗಸ್ಟ್ ೨೮ರಂದು, ಜೀರ್ಣೋದ್ಧಾರವು ನಡೆಯುತ್ತಿದ್ದಾಗಲೇ, ಧನ್ವಂತರಿ ರಸ್ತೆಯ ಕಡೆಗಿನ ಮಾರುಕಟ್ಟೆಯ ಉತ್ತರ ದ್ವಾರವು ಉರುಳಿತು. ಕೆಡವಿ ಅದೇ ಶೈಲಿಯಲ್ಲಿ ಹೊಸದಾಗಿ ಕಟ್ಟುವುದು ಲೇಸೆಂದು ಸರ್ಕಾರಿ ಪಕ್ಷವೂ, ಉಳಿಸಿ ದುರಸ್ತಿಗೈಯುವುದು ಸಾಧ್ಯವೆಂದು ಪರಂಪರಾ ತಜ್ಞರೂ ವಾದಿಸಿದರು. ವಿವಾದವು ನ್ಯಾಯಾಲಯದ ಮೆಟ್ಟಿಲನ್ನೇರಿತು.

ಪ್ರಾಣಭಯವನ್ನು ಮುಂದೊಡ್ಡುವವರ ಮಾತನ್ನು ಲಘುವಾಗಿ ತಳ್ಳಿಹಾಕಲಾಗದು. ಆದರೆ ಮುಂಭಾಗದ ಕಮಾನನ್ನು ಅನುಕರಿಸಬಹುದಲ್ಲದೆ, ತಲೆಮಾರುಗಳಿಂದ ಒಂದೇ ಮಳಿಗೆಯಲ್ಲಿ ಕುಳಿತ ವರ್ತಕನಿಗೂ ಅವನನ್ನು ಹುಡುಕಿ ಬರುವ ಗಿರಾಕಿಗೂ ನಡುವಿನ ಬಳಕೆಯನ್ನು ನಕ್ಷೆಯಿಂದ ಮರುಸೃಷ್ಟಿಸಲಾಗದು. ವ್ಯಾಪಾರದ ಕಟ್ಟಡಕ್ಕೆ ಅರಮನೆಗಿಲ್ಲದ ಒಂದು ಸೌಲಭ್ಯವುಂಟು: ಅದು ದಿನವೂ ದುಡಿಯುತ್ತದೆ. ಆ ದುಡಿಮೆಯ ಬಾಡಿಗೆಯಲ್ಲಿ ಒಂದಂಶವು ವರ್ಷವರ್ಷವೂ ಮುಂಗಾರಿಗೆ ಮೊದಲೇ ತಾರಸಿಗೆ, ತೂಬಿಗೆ, ತೊಲೆಗೆ ಸಲ್ಲುವಂತಾದರೆ, ಶತಮಾನಕ್ಕೊಮ್ಮೆ ಜೀರ್ಣೋದ್ಧಾರದ ಹೆಸರಿನಲ್ಲಿ ಕೋಟಿಗಟ್ಟಲೆ ವ್ಯಯಿಸುವ ಪ್ರಮೇಯವೇ ಒದಗದು.