ಗಣಿತಜ್ಞರು ಸಭೆ ಸೇರುವುದೇಕೆ?

ಗಣಿತಕ್ಕೆ ಪ್ರಯೋಗಾಲಯ ಬೇಡ, ದುಬಾರಿ ಯಂತ್ರಗಳೂ ಬೇಡ. ಕಾಗದ, ಪೆನ್ಸಿಲ್ಲು ಮತ್ತು ಒಂದಿಷ್ಟು ಏಕಾಂತವಿದ್ದರೆ ಸಾಕು ಎಂಬುದು ಸಾಮಾನ್ಯ ನಂಬಿಕೆ. ಹಾಗಿದ್ದರೂ ಗಣಿತಜ್ಞರು ಆಗಾಗ್ಗೆ ಊರು ಬಿಟ್ಟು, ಕಡಲು ದಾಟಿ ಒಂದೆಡೆ ಕಲೆಯುತ್ತಾರೆ. ನಾಲ್ಕೈದು ದಿನ ಕಪ್ಪುಹಲಗೆಯ ಮುಂದೆ ಕೂತು ಹೇಳುತ್ತಾರೆ, ಕೇಳುತ್ತಾರೆ, ತಕರಾರು ತೆಗೆಯುತ್ತಾರೆ. ಎಲ್ಲವೂ ಅಚ್ಚಾಗಿ ಕೈಗೆ ಸಿಗುವಾಗ ಇಷ್ಟೆಲ್ಲ ಏಕೆ?

2009ರ ಜೂನ್ 1ರಿಂದ 5ರವರೆಗೆ ಬೆಂಗಳೂರಿನಲ್ಲಿ ನಡೆದ ಒಂದು ಗೋಷ್ಠಿಯ ಹಿಂದುಮುಂದನ್ನು ನೋಡಿದರೆ ಈ ಪ್ರಶ್ನೆಗೆ ಉತ್ತರ ಸಿಗುತ್ತದೆ. ಗೋಷ್ಠಿಯ ವಿಷಯ ಎಲಿಪ್ಟಿಕ್ ಫಂಕ್ಷನ್‌ಗಳು, ಸಂಖ್ಯೆಗಳ ವಿಭಜನೆ ಮತ್ತು ಕ್ಯೂ-ಸರಣಿಗಳು. ಶ್ರೀನಿವಾಸ ರಾಮಾನುಜನ್ ಓಡಾಡಿದ ಕ್ಷೇತ್ರ ಇದು. ಅದನ್ನು ಏರ್ಪಡಿಸಿದ್ದು ಕರ್ನಾಟಕದ ಗಣಿತಜ್ಞ ಕೆ. ವೆಂಕಟಾಚಲ ಅಯ್ಯಂಗಾರ್ (1908–2003) ಅವರ ನೆನಪಿಗೆ. ನಮ್ಮಲ್ಲಿ ಹೆಚ್ಚು ಮಂದಿ ಕೇಳಿರದ ಹೆಸರು ಅದು.

ಈ ಗಣಿತದ ಒಂದು ತುದಿಯನ್ನು ಯಾರು ಬೇಕಾದರೂ ಹಿಡಿಯಬಹುದು. ಹಾನುಬಾಳಿನ ಯಾವುದೋ ಕಾಫಿ ಕಣದಲ್ಲಿ ಒಂದೇ ತೂಕದ ನಾಲ್ಕು ಮೂಟೆಗಳಿವೆ ಎನ್ನೋಣ. ಅವನ್ನು ಎಷ್ಟು ಬಗೆಯ ಗುಂಪು ಮಾಡಿ ಇಡಬಹುದು? ನಾಲ್ಕೂ ಒಂದೆಡೆ, ಮೂರು ಮತ್ತು ಒಂದು, ಎರಡು ಮತ್ತು ಎರಡು, ಎರಡು, ಒಂದು ಮತ್ತು ಒಂದು, ಇಲ್ಲವೇ ನಾಲ್ಕೂ ಬೇರೆ ಬೇರೆ. ಒಟ್ಟು ಐದು ಬಗೆ. ಇದನ್ನೇ 4ರ ವಿಭಜನೆಗಳು ಎನ್ನುತ್ತಾರೆ. ಮೂಟೆ 9 ಆದರೆ 30 ಬಗೆ, 14 ಆದರೆ 135. ಮೂಟೆಗಳು 200 ಆದರೆ ಬಗೆಗಳ ಲೆಕ್ಕ ಸುಮಾರು 4 ಲಕ್ಷ ಕೋಟಿಗೆ ಮುಟ್ಟುತ್ತದೆ!

5, 30, 135. ಮೂರೂ ಐದರಿಂದ ಭಾಗವಾಗುತ್ತವೆ. ಇದು ಆಕಸ್ಮಿಕವಲ್ಲ ಎಂದು ತೋರಿಸಿಕೊಟ್ಟವರು ರಾಮಾನುಜನ್. 4, 9, 14, 19 ಹೀಗೆ ಐದೈದು ಕೂಡಿಸುತ್ತ ಹೋದರೆ ಸಿಗುವ ಪ್ರತಿ ಸಂಖ್ಯೆಗೂ ಇದು ಸಲ್ಲುತ್ತದೆ. 5ರಿಂದ ಹೊರಟು ಏಳೇಳು ಕೂಡಿಸಿದರೆ ವಿಭಜನೆಗಳ ಲೆಕ್ಕ ಏಳರಿಂದಲೂ, 6ರಿಂದ ಹೊರಟು ಹನ್ನೊಂದು ಹನ್ನೊಂದು ಕೂಡಿಸಿದರೆ ಹನ್ನೊಂದರಿಂದಲೂ ಭಾಗವಾಗುತ್ತದೆ. ಆದರೆ ಏಕೆ ಹೀಗೆ? ಆ 30 ಬಗೆಗಳನ್ನು ಐದು ಸಮಪಾಲು ಮಾಡಿ ಕಣ್ಣಿಗೆ ಕಾಣುವಂತೆ ತೋರಿಸಲು ಸಾಧ್ಯವೇ? 1920ರಲ್ಲಿ, 32ನೆಯ ವಯಸ್ಸಿನಲ್ಲಿ ರಾಮಾನುಜನ್ ತೀರಿಕೊಂಡಾಗ ಆ ಪ್ರಶ್ನೆ ಹಾಗೆಯೇ ಉಳಿದಿತ್ತು. ಅದರೊಂದಿಗೆ ಸಾವಿರಾರು ಸೂತ್ರಗಳ ನೋಟ್‌ಬುಕ್‌ಗಳೂ ಉಳಿದವು. ಅವುಗಳಲ್ಲಿ ಫಲಿತಾಂಶಗಳಿದ್ದವು, ಅವನ್ನು ತಲುಪಿದ ದಾರಿ ಬಹುಪಾಲು ಇರಲಿಲ್ಲ.

ಗಣಿತಜ್ಞರು ಸಭೆ ಸೇರುವ ಪರಿಪಾಠ ಅಷ್ಟು ಹೊತ್ತಿಗೆ ಬೆಳೆದಿತ್ತು. 1897ರಲ್ಲಿ ಸ್ವಿಟ್ಜರ್ಲೆಂಡಿನ ಜೂರಿಕ್‌ನಲ್ಲಿ ಮೊದಲ ಅಂತರರಾಷ್ಟ್ರೀಯ ಸಮ್ಮೇಳನ ನಡೆದಾಗ ಸೇರಿದ್ದವರು ಸುಮಾರು 200 ಮಂದಿ. 1900ರಲ್ಲಿ ಪ್ಯಾರಿಸ್ ಸಮ್ಮೇಳನದಲ್ಲಿ ಡೇವಿಡ್ ಹಿಲ್ಬರ್ಟ್ ಹೇಳಿದ್ದು ಉತ್ತರಗಳನ್ನಲ್ಲ, ಇನ್ನೂ ಬಿಡಿಸಲಾಗದ ಸಮಸ್ಯೆಗಳನ್ನು. ಭಾಷಣದಲ್ಲಿ ಹತ್ತು, ಅಚ್ಚಿನಲ್ಲಿ ಇಪ್ಪತ್ತಮೂರು. ಮುಂದಿನ ಶತಮಾನದ ಗಣಿತ ಆ ಪಟ್ಟಿಯ ಬೆನ್ನು ಹತ್ತಿ ನಡೆಯಿತು. ನಮ್ಮ ದೇಶದಲ್ಲಿ 1907ರಲ್ಲಿ ವಿ. ರಾಮಸ್ವಾಮಿ ಅಯ್ಯರ್ ಎಂಬ ಡೆಪ್ಯುಟಿ ಕಲೆಕ್ಟರ್ ಗಣಿತಾಸಕ್ತರ ಸಂಘವೊಂದನ್ನು ಕಟ್ಟಿದರು. ಪುಸ್ತಕ, ಪತ್ರಿಕೆ ತರಿಸಿ ಅಂಚೆಯಲ್ಲಿ ಸದಸ್ಯರಿಂದ ಸದಸ್ಯರಿಗೆ ದಾಟಿಸುವುದು ಅದರ ಮೊದಲ ಕೆಲಸ. ಅದೇ ಮುಂದೆ ಭಾರತೀಯ ಗಣಿತ ಸಂಘವಾಯಿತು. ರಾಮಾನುಜನ್ ಅವರ ಮೊದಲ ಲೇಖನ 1911ರಲ್ಲಿ ಬಂದದ್ದು ಈ ಸಂಘದ ಪತ್ರಿಕೆಯಲ್ಲೇ. 1916ರಲ್ಲಿ ಮದ್ರಾಸಿನಲ್ಲಿ ಸಂಘದ ಮೊದಲ ಸಮ್ಮೇಳನ ಸೇರಿತು. ಅಂಚೆಯಲ್ಲಿ ಪುಸ್ತಕ ಬರುತ್ತಿತ್ತು, ನಿಜ. ಆದರೆ ಓದಿ ಅರ್ಥವಾಗದ್ದನ್ನು ಕೇಳುವುದಕ್ಕೆ ಎದುರಿಗೊಬ್ಬ ಮನುಷ್ಯ ಬೇಕಲ್ಲ!

ಮತ್ತೆ ಮೂಟೆಗಳ ಲೆಕ್ಕಕ್ಕೆ ಬರೋಣ. 1944ರಲ್ಲಿ ಇಪ್ಪತ್ತರ ಹರೆಯದ ಫ್ರೀಮನ್ ಡೈಸನ್, ಕೇಂಬ್ರಿಜ್ ವಿದ್ಯಾರ್ಥಿಗಳ ‘ಯುರೇಕಾ’ ಪತ್ರಿಕೆಯಲ್ಲಿ ಒಂದು ಸರಳ ಉಪಾಯ ಸೂಚಿಸಿದರು. ಎಲ್ಲಕ್ಕಿಂತ ದೊಡ್ಡ ಗುಂಪಿನಲ್ಲಿರುವ ಮೂಟೆಗಳಿಂದ ಗುಂಪುಗಳ ಸಂಖ್ಯೆಯನ್ನು ಕಳೆಯಿರಿ. ನಾಲ್ಕು ಮೂಟೆಯ ಐದು ಬಗೆಗಳಿಗೆ ಕ್ರಮವಾಗಿ 3, 1, 0, –1, –3 ಸಿಗುತ್ತವೆ. ಇವನ್ನು ಐದೈದರಂತೆ ಲೆಕ್ಕ ಹಾಕಿದರೆ ಉಳಿಯುವ ಶೇಷ 3, 1, 0, 4, 2. ಒಂದೊಂದು ಶೇಷವೂ ಒಂದೊಂದೇ ಸಲ! ಐದಕ್ಕೂ ಏಳಕ್ಕೂ ಈ ಉಪಾಯ ಸದಾ ನಡೆಯುತ್ತದೆಂದು 1954ರಲ್ಲಿ ಸಾಧಿಸಲಾಯಿತು. ಹನ್ನೊಂದಕ್ಕೆ ಮಾತ್ರ ನಡೆಯಲಿಲ್ಲ. ಅದಕ್ಕೆ ಬೇರೊಂದು ಅಳತೆ ಇರಲೇಬೇಕೆಂದು ಊಹಿಸಿದ ಡೈಸನ್, ಅದು ಸಿಗುವ ಮೊದಲೇ ‘ಕ್ರ್ಯಾಂಕ್’ ಎಂದು ಹೆಸರಿಟ್ಟಿದ್ದರು.

ಹೆಸರಿದ್ದೂ ಆಳಿಲ್ಲದ ಈ ಸ್ಥಿತಿ ನಾಲ್ಕು ದಶಕ ನಡೆಯಿತು. 1987ರಲ್ಲಿ ರಾಮಾನುಜನ್ ಜನ್ಮಶತಾಬ್ದಿಯ ಪ್ರಯುಕ್ತ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಜೂನ್ 1ರಿಂದ 5ರವರೆಗೆ ಗೋಷ್ಠಿ ನಡೆಯಿತು. ಡೈಸನ್ ಅಲ್ಲಿ ಭಾಷಣ ಮಾಡಿದರು. ರಾಮಾನುಜನ್ ಅವರ ಕಳೆದುಹೋದ ಹಾಳೆಗಳನ್ನು 1976ರಲ್ಲಿ ಕೇಂಬ್ರಿಜ್‌ನಲ್ಲಿ ಪತ್ತೆ ಮಾಡಿದ್ದ ಜಾರ್ಜ್ ಆಂಡ್ರೂಸ್ ಇದ್ದರು. ಈ ಸಮಸ್ಯೆಯಲ್ಲಿ ಅರ್ಧ ದಾರಿ ಸಾಗಿದ್ದ ಅವರ ಶಿಷ್ಯ ಫ್ರಾಂಕ್ ಗಾರ್ವನ್ ಕೂಡ ಇದ್ದರು. ಗೋಷ್ಠಿ ಮುಗಿದ ಮರುದಿನ, ಜೂನ್ 6ರಂದು, ವಿದ್ಯಾರ್ಥಿನಿಲಯವೊಂದರಲ್ಲಿ ಆಂಡ್ರೂಸ್ ಮತ್ತು ಗಾರ್ವನ್ ಕ್ರ್ಯಾಂಕ್ ಅನ್ನು ಕಂಡುಹಿಡಿದರು. ಐದು, ಏಳು, ಹನ್ನೊಂದು ಮೂರಕ್ಕೂ ಸಲ್ಲುವ ಅಳತೆ ಅದು. ಯಾವ ಕಾರ್ಯಕ್ರಮ ಪಟ್ಟಿಯಲ್ಲೂ ಅದಕ್ಕೆ ವೇಳೆ ನಿಗದಿಯಾಗಿರಲಿಲ್ಲ.

ಈ ಕಥೆಯಲ್ಲಿ ಕನ್ನಡ ನಾಡಿನ ಪಾಲೂ ಸಣ್ಣದಲ್ಲ. ರಾಮಾನುಜನ್ ಅವರ ಎರಡನೆಯ ನೋಟ್‌ಬುಕ್ಕಿನ 16ನೆಯ ಅಧ್ಯಾಯದ ಫಲಿತಾಂಶಗಳನ್ನು ಒಂದೊಂದಾಗಿ ಸಾಧಿಸಿ ತೋರಿಸಿದ ಗ್ರಂಥವನ್ನು ಅಮೆರಿಕನ್ ಗಣಿತ ಸಂಘ 1985ರಲ್ಲಿ ಪ್ರಕಟಿಸಿತು. ಅದರ ನಾಲ್ವರು ಲೇಖಕರಲ್ಲಿ ಇಬ್ಬರು, ಚಂದ್ರಶೇಖರ ಅಡಿಗ ಮತ್ತು ಎಸ್. ಭಾರ್ಗವ, ಮೈಸೂರು ವಿಶ್ವವಿದ್ಯಾಲಯದವರು. ಮೂರನೆಯವರು ಇಲಿನಾಯ್‌ನ ಬ್ರೂಸ್ ಬರ್ನ್ಟ್. ನಾಲ್ಕನೆಯವರಾದ ಜಿ.ಎನ್. ವಾಟ್ಸನ್ 1965ರಲ್ಲೇ ತೀರಿಕೊಂಡಿದ್ದರು. ಅವರು ಬಿಟ್ಟುಹೋದ ಟಿಪ್ಪಣಿಗಳನ್ನು ಉಳಿದವರು ಮುಂದುವರಿಸಿದ್ದರಿಂದ ಅವರ ಹೆಸರೂ ಸೇರಿತು. ಒಬ್ಬರು ನಿಲ್ಲಿಸಿದ ಕಡೆಯಿಂದ ಇನ್ನೊಬ್ಬರು ಹಿಡಿದು ನಡೆಯುವುದು ಈ ವಿದ್ಯೆಯ ರೀತಿ.

ವೆಂಕಟಾಚಲ ಅಯ್ಯಂಗಾರ್ ಹಿಡಿದದ್ದು ಇನ್ನೂ ಹಿಂದಿನ ಎಳೆಯನ್ನು. ಎಲಿಪ್ಟಿಕ್ ಫಂಕ್ಷನ್‌ಗಳನ್ನು ಯುರೋಪಿನ ಪಠ್ಯಗಳು ಕಲಿಸುವ ದಾರಿಯೇ ಬೇರೆ. ರಾಮಾನುಜನ್ ತಾವೇ ಕಡಿದುಕೊಂಡ ದಾರಿಯೇ ಬೇರೆ. ಆ ಎರಡನೆಯ ದಾರಿಯಿಂದಲೇ ಇಡೀ ಸಿದ್ಧಾಂತವನ್ನು ಕಟ್ಟಬಹುದೆಂದು ಅವರು ತೋರಿಸಿದರು. 1988ರಲ್ಲಿ ಮದುರೈ ಕಾಮರಾಜ್ ವಿಶ್ವವಿದ್ಯಾಲಯ ಅದನ್ನು ತಾಂತ್ರಿಕ ವರದಿಯ ರೂಪದಲ್ಲಿ ಹೊರತಂದಿತು. ಆಗ ಅವರಿಗೆ ಎಂಬತ್ತರ ಆಸುಪಾಸು. ಅಂಗಡಿಯಲ್ಲಿ ಕೇಳಿ ಕೊಳ್ಳುವ ಪುಸ್ತಕವಲ್ಲ ಅದು. ಬರೆದವರು ಮಧ್ಯೆ ಬಿಟ್ಟ ವಿವರಗಳು ಬಹಳ. ಬಲ್ಲವರೇ ನಿಂತು ನಿಂತು ಓದಬೇಕಾದಂಥದು. ಇಂಥ ಕೃತಿಗಳು ಕರ್ತೃವಿನೊಂದಿಗೇ ಮರೆಯಾಗುವುದು ಹೆಚ್ಚು.

ಇದು ಮರೆಯಾಗಲಿಲ್ಲ. 2009ರ ಬೆಂಗಳೂರು ಗೋಷ್ಠಿ ಈ ದಾರಿ ಬಲ್ಲವರನ್ನು ಒಂದೆಡೆ ಕೂಡಿಸಿತು. ಅದರ ಪ್ರಬಂಧಗಳು 2010ರಲ್ಲಿ ರಾಮಾನುಜನ್ ಗಣಿತ ಸಂಘದ ಮಾಲೆಯಲ್ಲಿ ಸಂಪುಟವಾಗಿ ಬಂದವು. ಸಂಪಾದಕರಲ್ಲಿ ಒಬ್ಬರು ನ್ಯೂಜಿಲೆಂಡಿನ ಶಾನ್ ಕೂಪರ್. ಅವರೇ ಅಯ್ಯಂಗಾರರ ಗ್ರಂಥವನ್ನು ಪೂರ್ತಿ ಪರಿಷ್ಕರಿಸಿ, ಬಿಟ್ಟ ವಿವರಗಳನ್ನು ತುಂಬಿ, ಟಿಪ್ಪಣಿ ಸೇರಿಸಿ 2012ರಲ್ಲಿ ಮತ್ತೆ ಹೊರತಂದರು. ಕನ್ನಡಿಗರೊಬ್ಬರು ಮುಪ್ಪಿನಲ್ಲಿ ಬರೆದದ್ದನ್ನು ಕಡಲಾಚೆಯವರೊಬ್ಬರು ಸಾಲು ಸಾಲಾಗಿ ಕೂತು ಓದಿದ್ದರು.

2010ರ ಆಗಸ್ಟ್‌ನಲ್ಲಿ ಹೈದರಾಬಾದಿನಲ್ಲಿ ಜಾಗತಿಕ ಗಣಿತ ಸಮ್ಮೇಳನ ನಡೆಯಿತು. ಭಾರತದಲ್ಲಿ ಅದೇ ಮೊದಲು. ರಾಷ್ಟ್ರಪತಿಗಳು ಬಂದರು, ಪತ್ರಿಕೆಗಳು ಬರೆದವು. ಅದರ ಹಿಂದಿನ ವರ್ಷದ ಬೆಂಗಳೂರು ಗೋಷ್ಠಿಗೆ ಆ ವೈಭವವಿರಲಿಲ್ಲ. ಆದರೆ ವಿದ್ಯೆಯೊಂದು ಉಳಿಯುವುದು ಇಂಥ ಸಣ್ಣ ಕೂಟಗಳಲ್ಲಿ. ಕೊರೊನಾ ಕಾಲದಿಂದೀಚೆಗೆ ಉಪನ್ಯಾಸಗಳನ್ನು ಮನೆಯಲ್ಲೇ ಕೂತು ಪರದೆಯ ಮೇಲೆ ಕೇಳಬಹುದಾಗಿದೆ. ಜಿಲ್ಲಾ ಕೇಂದ್ರದ ಕಾಲೇಜಿನ ವಿದ್ಯಾರ್ಥಿಗೆ ಅದು ದೊಡ್ಡ ಅನುಕೂಲ. ಆದರೂ ಪ್ರಯಾಣದ ಖರ್ಚು ಉಳಿಯಿತೆಂದು ಗೋಷ್ಠಿಗಳನ್ನೇ ಕೈಬಿಡುವ ಮುನ್ನ 1987ರ ಆ ಜೂನ್ 6ನ್ನು ನೆನೆಯಬೇಕು. ಉಪನ್ಯಾಸಗಳು ಮುಗಿದಿದ್ದವು. ಇಬ್ಬರು ಇನ್ನೂ ಮಾತನಾಡುತ್ತಿದ್ದರು.