ಮಣ್ಣಿನ ಗೋಡೆ ಸೋತದ್ದು ಮಳೆಗಲ್ಲ

ಜರ್ಮನಿಯ ಹೆಸ್ಸೆನ್ ರಾಜ್ಯದಲ್ಲಿ, ಲಾನ್ ನದಿಯ ದಂಡೆಯಲ್ಲಿ ವೈಲ್‌ಬುರ್ಗ್ ಅಂತ ಒಂದು ಸಣ್ಣ ಊರಿದೆ. ಫ್ರಾಂಕ್‌ಫರ್ಟ್ ಕಡೆ ಇರುವ ಕನ್ನಡಿಗರು ಬೆಳಿಗ್ಗೆ ಹೋಗಿ ಸಂಜೆಗೆ ವಾಪಸ್ ಬರಬಹುದು. ಅಲ್ಲಿ 1828ರಲ್ಲಿ ಕಟ್ಟಿ ಮುಗಿಸಿದ ಆರು ಅಂತಸ್ತಿನ ಒಂದು ಮನೆ ಇದೆ. ಗಾರೆ ಬಳಿದಿರುವುದರಿಂದ ಅದು ಸುತ್ತಲಿನ ಮನೆಗಳ ಹಾಗೇ ಕಾಣುತ್ತದೆ. ಆದರೆ ಗಾರೆಯ ಹಿಂದೆ ಇಟ್ಟಿಗೆಯಿಲ್ಲ, ಕಲ್ಲಿಲ್ಲ, ಇರುವುದು ಮಣ್ಣು. ಗೋಡೆಯ ದಪ್ಪ ಬುಡದಲ್ಲಿ 75 ಸೆಂಟಿಮೀಟರ್, ಮೇಲಿನ ಅಂತಸ್ತಿನಲ್ಲಿ 40. ಮಹಡಿಗಳ ಭಾರ, ಮಾಡಿನ ಭಾರ ಎಲ್ಲವನ್ನೂ ಸುಮಾರು ಇನ್ನೂರು ವರ್ಷಗಳಿಂದ ಈ ಮಣ್ಣೇ ಹೊತ್ತಿದೆ.

"ಮಣ್ಣಿನ ಮನೆ" ಅಂದರೆ ನಮ್ಮ ತಲೆಗೆ ಬರುವುದು ಮಳೆಗಾಲದಲ್ಲಿ ಕುಸಿಯುವ ಬಡವರ ಮನೆ. ನಾವು ಅದನ್ನು ಕಚ್ಚಾ ಮನೆ ಅಂತಲೇ ಕರೆಯುತ್ತೇವೆ. ಮಣ್ಣು ಆರು ಅಂತಸ್ತು ಹೊರುವಷ್ಟು ಗಟ್ಟಿ ಅಂದಮೇಲೆ, ಜನ ಅದನ್ನು ಬಿಟ್ಟದ್ದು ಯಾಕೆ?

ಮೊದಲು ಕಟ್ಟುವ ಕ್ರಮ ನೋಡೋಣ. ಎದುರುಬದುರಾಗಿ ಎರಡು ಗಟ್ಟಿ ಹಲಗೆ ನಿಲ್ಲಿಸುತ್ತಾರೆ. ನಡುವೆ ಗೇಣಿಗಿಂತ ಕಡಿಮೆ ಎತ್ತರಕ್ಕೆ ಮಣ್ಣು ಸುರಿದು, ಅದು ಸುಮಾರು ಮೂರರಲ್ಲಿ ಎರಡು ಪಾಲಿಗೆ ಇಳಿಯುವವರೆಗೆ ದಿಮ್ಮಸಿನಿಂದ ಬಡಿಯುತ್ತಾರೆ. ಅದರ ಮೇಲೆ ಇನ್ನೊಂದು ಪದರ, ಮತ್ತೆ ಬಡಿತ. ಹಲಗೆ ಬಿಚ್ಚಿದರೆ ಗೋಡೆ ಸಿದ್ಧ. ಇಂಗ್ಲಿಷಿನಲ್ಲಿ ಇದು ರ್‍ಯಾಮ್ಡ್ ಅರ್ಥ್, ಫ್ರೆಂಚಿನಲ್ಲಿ ಪಿಸೆ, ಜರ್ಮನ್ನಿನಲ್ಲಿ ಶ್ಟಾಂಪ್ಫ್‌ಲೇಮ್.

ಕೆಲಸದ ಗುಟ್ಟು ಇರುವುದು ಮಣ್ಣಿನ ಆಯ್ಕೆಯಲ್ಲಿ ಮತ್ತು ನೀರಿನ ಹದದಲ್ಲಿ. ಜಲ್ಲಿ, ಮರಳು ಗೋಡೆಗೆ ಮೂಳೆ ಇದ್ದ ಹಾಗೆ. ಜೇಡಿ ಅವನ್ನು ಹಿಡಿದಿಡುವ ಅಂಟು. ಜೇಡಿ ಹೆಚ್ಚಾದರೆ ಗೋಡೆ ಒಣಗುವಾಗ ಬಿರುಕು ಬಿಡುತ್ತದೆ. ನೀರು ತೇವ ಆಗುವಷ್ಟು ಸಾಕು. ಮುಷ್ಟಿಯಲ್ಲಿ ಹಿಸುಕಿದರೆ ಉಂಡೆ ನಿಲ್ಲಬೇಕು, ಕೆಳಗೆ ಬಿಟ್ಟರೆ ಕೆಲವು ಚೂರಾಗಿ ಒಡೆಯಬೇಕು. ಪುಡಿಯಾದರೆ ನೀರು ಕಡಿಮೆ. ಒಡೆಯದೆ ಚಪ್ಪಟೆಯಾದರೆ ಹೆಚ್ಚು. ನಮ್ಮ ಹಳ್ಳಿಗಳಲ್ಲಿ ಮಣ್ಣನ್ನು ಚೆನ್ನಾಗಿ ಕಲಸಿ, ಕಾಲಲ್ಲಿ ತುಳಿದು, ಮುದ್ದೆ ಮಾಡಿ ಪೇರಿಸುವ ಕ್ರಮ ಇದೆಯಲ್ಲ, ಅದೂ ಇದೂ ಒಂದೇ ಅಲ್ಲ. ಅಲ್ಲಿ ಹಸಿ ಮಣ್ಣು, ಇಲ್ಲಿ ಬರೀ ತೇವದ ಮಣ್ಣು.

ಫ್ರಾನ್ಸಿನ ಲಿಯೋನ್ ಸುತ್ತಮುತ್ತಲ ರೈತರಿಗೆ ಈ ವಿದ್ಯೆ ಮೊದಲಿಂದಲೂ ಗೊತ್ತಿತ್ತು. ಅದನ್ನು ಪುಸ್ತಕಕ್ಕೆ ತಂದು ಹೊರಜಗತ್ತಿಗೆ ಮುಟ್ಟಿಸಿದವನು ಅದೇ ಊರಿನ ಫ್ರಾಂಸ್ವಾ ಕ್ವಾಂತೆರೋ. ಫ್ರೆಂಚ್ ಕ್ರಾಂತಿಯ ದಿನಗಳಲ್ಲಿ, 1790ರಿಂದ, ಅವನು ಚಿತ್ರಸಮೇತ ಕೈಪಿಡಿಗಳನ್ನು ಅಚ್ಚು ಹಾಕಿಸಿದ. ಅವು ಬೇಗನೆ ಜರ್ಮನ್ನಿಗೂ ಬಂದವು. ಅಲ್ಲಿ ಆಗ ಕಾಡು ಬರಿದಾಗಿ ಮರಕ್ಕೆ ಕೊರತೆ; ಮರದ ಚೌಕಟ್ಟಿನ ಮನೆಗಳಿಗೆ ಬೆಂಕಿಯ ಭಯ ಬೇರೆ. ವೈಲ್‌ಬುರ್ಗ್‌ನ ಮನೆ ಕಟ್ಟಿಸಿದ ವಿಲ್‌ಹೆಲ್ಮ್ ಯಾಕೋಬ್ ವಿಂಪ್ಫ್ ಹಿಡಿದದ್ದು ಇದೇ ದಾರಿ.

ಆಮೇಲೆ ಕಲ್ಲಿದ್ದಲು ಅಗ್ಗವಾಯಿತು, ಸುಟ್ಟ ಇಟ್ಟಿಗೆ ಹೇರಳವಾಯಿತು, ಮಣ್ಣು ಮೂಲೆಗೆ ಸರಿಯಿತು. ಎರಡನೆಯ ಮಹಾಯುದ್ಧ ಮುಗಿದಾಗ ಮತ್ತೆ ಇಟ್ಟಿಗೆಯಿಲ್ಲ, ಅದನ್ನು ಸುಡಲು ಇದ್ದಲಿಲ್ಲ; ಜನ ಮತ್ತೆ ಮಣ್ಣಿಗೆ ಕೈ ಹಾಕಿದರು. ಮಣ್ಣಿನ ಕಟ್ಟಡಕ್ಕೆ 1951ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ಅಧಿಕೃತ ಮಾನದಂಡವೂ ಬಂತು. ದೇಶ ಶ್ರೀಮಂತವಾದ ಮೇಲೆ, 1971ರಲ್ಲಿ, ಅದನ್ನು ವಾಪಸ್ ತೆಗೆದರು. ಮಣ್ಣು ಗಟ್ಟಿಯಿಲ್ಲ ಅಂತ ಯಾರೂ ಅದನ್ನು ಕೈಬಿಡಲಿಲ್ಲ. ಅದಕ್ಕೆ ಅಂಟಿದ್ದ ಕಷ್ಟಕಾಲದ ನೆನಪನ್ನು ಜನ ಬಿಟ್ಟರು, ಜೊತೆಗೆ ಮಣ್ಣೂ ಹೋಯಿತು.

ಯಾವ ಕೊರತೆಯೂ ಇಲ್ಲದಾಗ ಮಣ್ಣನ್ನು ಬೇಕೆಂದೇ ಆರಿಸಿಕೊಂಡ ಉದಾಹರಣೆ ಬರ್ಲಿನ್‌ನಲ್ಲಿದೆ. ಅಲ್ಲಿನ ಸಾಮರಸ್ಯದ ಚರ್ಚು 1961ರಲ್ಲಿ ಗೋಡೆ ಎದ್ದಾಗ ಗಡಿಯ ನಿಷೇಧಿತ ಪಟ್ಟಿಯೊಳಗೆ ಸಿಕ್ಕಿಕೊಂಡಿತು. 1985ರಲ್ಲಿ ಪೂರ್ವ ಜರ್ಮನಿಯ ಸರ್ಕಾರ ಅದನ್ನು ಸ್ಫೋಟಿಸಿ ಕೆಡವಿತು. ಗೋಡೆ ಬಿದ್ದ ಮೇಲೆ ಅದೇ ಜಾಗದಲ್ಲಿ ಹೊಸ ಪ್ರಾರ್ಥನಾಮಂದಿರ ಕಟ್ಟುವಾಗ ಸಭೆಯವರಿಗೆ ಕಾಂಕ್ರೀಟ್ ಬೇಡವಾಗಿತ್ತು. ಅಷ್ಟು ವರ್ಷ ಕಣ್ಣೆದುರು ಇದ್ದದ್ದು ಕಾಂಕ್ರೀಟ್ ಗೋಡೆಯೇ ಅಲ್ಲವೇ! ಆಸ್ಟ್ರಿಯಾದ ಮಾರ್ಟಿನ್ ರೌಖ್ ಹಳೆಯ ಚರ್ಚಿನ ಇಟ್ಟಿಗೆಚೂರುಗಳನ್ನು ಮಣ್ಣಿಗೆ ಬೆರೆಸಿ, ಸಿಮೆಂಟ್ ಇಲ್ಲದೆ ಗೋಡೆ ಬಡಿಸಿದರು. 2000ದ ನವೆಂಬರ್ 9ರಂದು ಅದರ ಬಾಗಿಲು ತೆರೆಯಿತು. ಆ ಚೂರುಗಳು ಇವತ್ತಿಗೂ ಗೋಡೆಯಲ್ಲಿ ಕಾಣುತ್ತವೆ.

ಈ ಕಥೆಯಲ್ಲಿ ಬೆಂಗಳೂರಿಗೂ ಪಾಲಿದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಅಂದರೆ ನಾವು ಟಾಟಾ ಇನ್‌ಸ್ಟಿಟ್ಯೂಟ್ ಅನ್ನುವ ಕಡೆ, ಅಮೂಲ್ಯ ರೆಡ್ಡಿ ಮತ್ತು ಸಂಗಡಿಗರು 1974ರಲ್ಲಿ "ಅಸ್ತ್ರ" ಎಂಬ ಕೇಂದ್ರ ಶುರು ಮಾಡಿದರು. ಹಳ್ಳಿಗಳಿಗೆ ಒದಗುವ ತಂತ್ರಜ್ಞಾನ ಅವರ ಗುರಿ. ಕೆ. ಎಸ್. ಜಗದೀಶ್, ಬಿ. ವಿ. ವೆಂಕಟರಾಮ ರೆಡ್ಡಿ ಮುಂತಾದವರು ಮಣ್ಣಿನ ಮೇಲೆ ದಶಕಗಟ್ಟಲೆ ಕೆಲಸ ಮಾಡಿದರು. ಮಣ್ಣಿಗೆ ಸ್ವಲ್ಪ ಸಿಮೆಂಟ್ ಸೇರಿಸಿ ಒತ್ತಿದ ಇಟ್ಟಿಗೆ, ಬಡಿದ ಗೋಡೆ ಎರಡನ್ನೂ ಪರೀಕ್ಷಿಸಿ ಲೆಕ್ಕ ಕೊಟ್ಟರು. ಇಟ್ಟಿಗೆ ಸುಡಬೇಕಿಲ್ಲವಾದ್ದರಿಂದ ಸೌದೆ, ಇದ್ದಲು ಉಳಿಯುತ್ತದೆ.

ಇಲ್ಲಿ ಒಂದು ತೊಡಕಿದೆ. ಸಿಮೆಂಟ್ ಸೇರಿಸಿದರೆ ಗೋಡೆ ಮಳೆಯನ್ನು ಚೆನ್ನಾಗಿ ತಡೆಯುತ್ತದೆ, ತೆಳ್ಳಗೂ ಕಟ್ಟಬಹುದು. ಆದರೆ ಅದನ್ನು ಕೆಡವಿ ನೀರಲ್ಲಿ ನೆನೆಸಿ ಮತ್ತೆ ಮಣ್ಣು ಮಾಡಲಾಗದು. ಹೆಚ್ಚು ಸಿಮೆಂಟ್ ಸುರಿದರೆ ಮಣ್ಣನ್ನು ಆರಿಸಿಕೊಂಡ ಲಾಭವೂ ಕರಗುತ್ತದೆ. ಸಿಮೆಂಟ್ ಬೇಡ ಅಂದರೆ ಕಲ್ಲಿನ ಪಾಯ ಎತ್ತರಿಸಬೇಕು, ಸೂರು ಅಗಲವಾಗಿ ಚಾಚಬೇಕು, ಗೋಡೆ ದಪ್ಪ ಇಡಬೇಕು. ನಮ್ಮ ಹಿರಿಯರು ಮಾಡುತ್ತಿದ್ದದ್ದೂ ಇದನ್ನೇ. ಕೆಂಪು ಗರಸು ಮಣ್ಣಿಗೆ ಸರಿಹೊಂದಿದ್ದು ಎರೆಮಣ್ಣಿಗೆ ಹೊಂದುವುದಿಲ್ಲ. ಎರೆ ನೀರು ಕುಡಿದು ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಹಾಗಾಗಿ ಎಲ್ಲ ಊರಿಗೂ ಒಂದೇ ಉತ್ತರ ಇಲ್ಲ.

ಇದು ನಮಗೆ, ದೂರದಲ್ಲಿರುವವರಿಗೆ, ಯಾಕೆ ಮುಖ್ಯ? ಊರಿನ ಹಳೆ ಮನೆಯ ತೀರ್ಮಾನ ಈಗ ಎಷ್ಟೋ ಸಲ ನಮ್ಮ ಫೋನಿನಲ್ಲಿ ಆಗುತ್ತದೆ. "ಗೋಡೆ ಹಾಳಾಗಿದೆ, ಕೆಡವಿ ಆರ್‌ಸಿಸಿ ಹಾಕಿಸೋಣ" ಅಂತ ಅಲ್ಲಿಂದ ಮಾತು ಬರುತ್ತದೆ, ನಾವು ದುಡ್ಡು ಕಳಿಸುತ್ತೇವೆ. ಕಳಿಸುವ ಮುಂಚೆ ಮೂರು ವಿಷಯ ಕೇಳಿ. ಮಾಡು ಸೋರುತ್ತಿದೆಯಾ? ಅಂಗಳದ ನೀರು ಗೋಡೆಯ ಬುಡದಲ್ಲಿ ನಿಲ್ಲುತ್ತಾ? ಮಣ್ಣಿನ ಗೋಡೆಗೆ ಸಿಮೆಂಟ್ ಗಾರೆ ಬಳಿದು ಒಳಗಿನ ತೇವ ಹೊರಬರದ ಹಾಗೆ ಮಾಡಿದ್ದಾರಾ? ಮೂರರಲ್ಲಿ ಒಂದಕ್ಕೆ ಹೌದು ಅಂತ ಉತ್ತರ ಬಂದರೆ, ತಪ್ಪು ಮಣ್ಣಿನದು ಇರಲಿಕ್ಕಿಲ್ಲ. ಮಣ್ಣಿನ ಕೆಲಸ ಬಲ್ಲ ಒಬ್ಬ ಮೇಸ್ತ್ರಿಗೆ ಗೋಡೆ ತೋರಿಸಿ, ಆಮೇಲೆ ಕೆಡವುವ ಮಾತಾಡೋಣ.